ಕಡಲ ಮೀನಿನ ಲೆಕ್ಕ ಗಣಕಕ್ಕೆ: ಲಾಭ ಯಾರಿಗೆ, ಹೊರೆ ಯಾರಿಗೆ?
(ಭಾಷಣದ ಲಿಖಿತ ರೂಪ)



ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿ ಸುರಿದ ಮಳೆ ನೇತ್ರಾವತಿಯನ್ನು ಸೇರಿ, ಬಂಟ್ವಾಳವನ್ನು ದಾಟಿ ಮಂಗಳೂರಿನ ಅಳಿವೆಗೆ ಹೋಗುತ್ತದೆ. ಮೂಡುಬಿದಿರೆಯ ಕಡೆಯಿಂದ ಫಲ್ಗುಣಿಯೂ ಅದೇ ಅಳಿವೆಯನ್ನು ಸೇರುತ್ತದೆ. ಕಡಲು ಪ್ರತಿಯಾಗಿ ಬೂತಾಯಿ, ಬಂಗುಡೆಗಳನ್ನು ಈ ಊರುಗಳ ಸಂತೆಗೆ ಕಳುಹಿಸುತ್ತದೆ. ಆದ್ದರಿಂದ ಕಡಲಿನಿಂದ ಎಷ್ಟು ಮೀನು ತೆಗೆಯಲಾಗುತ್ತಿದೆ, ಆ ಲೆಕ್ಕವನ್ನು ಯಾರು ಇಡುತ್ತಾರೆ ಎಂಬುದು ಕೇವಲ ಕರಾವಳಿಯವರ ಪ್ರಶ್ನೆಯಲ್ಲ.

ಭಾರತದಲ್ಲಿ ಈ ಲೆಕ್ಕದ ಹೊಣೆಯನ್ನು ಮುಖ್ಯವಾಗಿ ಹೊತ್ತಿರುವುದು ೧೯೪೭ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ. ಅದರ ಸಿಬ್ಬಂದಿ ಪ್ರತಿ ದೋಣಿಯನ್ನೂ ಎಣಿಸುವುದಿಲ್ಲ. ಆಯ್ದ ದಕ್ಕೆಗಳಲ್ಲಿ, ಆಯ್ದ ದಿನಗಳಲ್ಲಿ, ಆಯ್ದ ದೋಣಿಗಳ ಮೀನನ್ನು ಪರಿಶೀಲಿಸಿ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತಾರೆ. ಈ ವಿಧಾನವನ್ನು ಹಗುರವಾಗಿ ಕಾಣುವಂತಿಲ್ಲ. ಕೇರಳದಲ್ಲಿ ೨೦೧೨ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ನಿನಷ್ಟಿದ್ದ ಬೂತಾಯಿಯ ಇಳುವರಿ ೨೦೨೧ರಲ್ಲಿ ಸುಮಾರು ೩,೩೦೦ ಟನ್ನಿಗೆ ಕುಸಿದ ಸಂಗತಿ ತಿಳಿದುಬಂದದ್ದು ಇದೇ ಅಂದಾಜಿನಿಂದ.

ಆದರೆ ದಕ್ಕೆಯಲ್ಲಿ ನಿಂತು ಮಾಡುವ ಲೆಕ್ಕಕ್ಕೆ ಒಂದು ಮಿತಿಯಿದೆ. ಮಂಗಳೂರು, ಮಲ್ಪೆಗಳ ಟ್ರಾಲ್ ದೋಣಿಗಳು ಹಲವು ದಿನ ಕಡಲಿನಲ್ಲೇ ಇದ್ದು, ಗೋವಾ, ಮಹಾರಾಷ್ಟ್ರಗಳ ಆಚೆಗಿನ ನೀರಿನಲ್ಲೂ ಬಲೆ ಎಳೆದು ಮರಳುತ್ತವೆ. ಮೀನು ಸಿಕ್ಕಿದ ಜಾಗ, ಬಲೆ ಎಳೆದ ಹೊತ್ತು, ಬೆಲೆಯಿಲ್ಲವೆಂದು ಮರಳಿ ಕಡಲಿಗೆ ಚೆಲ್ಲಿದ ಮೀನು ಇವೆಲ್ಲ ದಕ್ಕೆಗೆ ಬರುವಷ್ಟರಲ್ಲಿ ಮರೆಯಾಗಿರುತ್ತವೆ. ಇವನ್ನು ದೋಣಿಯಲ್ಲಿಯೇ ಯಂತ್ರದಲ್ಲಿ ದಾಖಲಿಸಿ ಇಲಾಖೆಗೆ ರವಾನಿಸುವುದೇ ವಿದ್ಯುನ್ಮಾನ ವರದಿ.

ಯುರೋಪಿನ ಒಕ್ಕೂಟ ೨೦೧೦ರಲ್ಲಿ ೨೪ ಮೀಟರಿಗಿಂತ ಉದ್ದದ ಹಡಗುಗಳಿಂದ ಇದನ್ನು ಕಡ್ಡಾಯವಾಗಿ ಆರಂಭಿಸಿ, ೨೦೧೨ರ ವೇಳೆಗೆ ೧೨ ಮೀಟರಿನವರೆಗೆ ಇಳಿಸಿತು. ೨೦೨೩ರ ತಿದ್ದುಪಡಿ ಇನ್ನೂ ಸಣ್ಣ ದೋಣಿಗಳಿಗೆ ೨೦೨೮ರ ಗಡುವನ್ನು ವಿಧಿಸಿದೆ. ಅದೇ ಒಕ್ಕೂಟಕ್ಕೆ ಮೀನು ರಫ್ತು ಮಾಡಲು ೨೦೧೦ರಿಂದ, ಕ್ರಮಬದ್ಧವಾಗಿ ಹಿಡಿದ ಮೀನೆಂಬ ಪ್ರಮಾಣಪತ್ರ ಬೇಕು. ಭಾರತದಲ್ಲಿ ೨೦೨೫ರ ನವೆಂಬರಿನಲ್ಲಿ ಹೊರಬಿದ್ದ ನಿಯಮಗಳು ವಿಶೇಷ ಆರ್ಥಿಕ ವಲಯದಲ್ಲಿ ಮೀನು ಹಿಡಿಯುವ ಯಾಂತ್ರೀಕೃತ ದೋಣಿಗಳು ಗಣಕಜಾಲದ ಮೂಲಕ ಅನುಮತಿ ಪಡೆಯಬೇಕೆನ್ನುತ್ತವೆ. ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿಯಿದೆ. ಅನುಮತಿಯ ಬೆನ್ನಿಗೇ ವರದಿಯ ಪ್ರಶ್ನೆಯೂ ಬರುವುದು ಸಹಜ.

ಲಾಭಗಳು ಸ್ಪಷ್ಟವಾಗಿವೆ. ಮರಿಮೀನು ಎಲ್ಲಿ, ಯಾವ ತಿಂಗಳಲ್ಲಿ ಹೆಚ್ಚಾಗಿ ಬಲೆಗೆ ಬೀಳುತ್ತದೆಂದು ತಿಳಿದರೆ, ಜೂನ್–ಜುಲೈಯ ೬೧ ದಿನಗಳ ನಿಷೇಧದ ಹೊರತಾಗಿಯೂ ಆಯಾ ಜಾಗಕ್ಕೆ ತಕ್ಕ ರಕ್ಷಣೆ ಯೋಚಿಸಬಹುದು. ಮೀನಹುಡಿ ಮತ್ತು ಎಣ್ಣೆಯ ಕಾರ್ಖಾನೆಗಳಿಗೆ ಹೋಗುವ ಸಣ್ಣ ಮೀನಿನ ಮೂಲ ಬೆಳಕಿಗೆ ಬರುತ್ತದೆ. ಮೀನು ಕಡಿಮೆಯಾದಾಗ ನಾಡದೋಣಿಯವರು ಟ್ರಾಲ್‌ನವರನ್ನೂ, ಟ್ರಾಲ್‌ನವರು ಹೊರರಾಜ್ಯದವರನ್ನೂ ದೂರುವ ಜಗಳಕ್ಕೆ ಒಂದು ಆಧಾರ ದೊರೆಯುತ್ತದೆ.

ಹೊರೆಯೂ ಅಷ್ಟೇ ನಿಜ. ಒಂದು ಎಳೆತಕ್ಕೆ ಹತ್ತಾರು ಜಾತಿಯ ಮೀನು ಬರುವ ಕಡಲಿದು. ಒಂದೆರಡು ಜಾತಿಯನ್ನಷ್ಟೇ ಹಿಡಿಯುವ ತಣ್ಣನೆಯ ಕಡಲಿಗಾಗಿ ರೂಪಿಸಿದ ನಮೂನೆ ಇಲ್ಲಿಗೆ ಹೊಂದುವುದಿಲ್ಲ. ನಿದ್ದೆಗೆಟ್ಟು ದುಡಿದ ತಾಂಡೇಲನ ಮೇಲೆ ಬರವಣಿಗೆಯ ಕೆಲಸವೂ ಬೀಳುತ್ತದೆ. ದೋಣಿಯ ಕೆಲಸಗಾರರಲ್ಲಿ ಅನೇಕರು ಹೊರರಾಜ್ಯದವರು; ಅವರಿಗೆ ಕನ್ನಡವೂ ಇಂಗ್ಲಿಷೂ ದೂರ. ದಡದಿಂದ ದೂರ ಸರಿದಂತೆ ಮೊಬೈಲ್ ಸಂಪರ್ಕ ಕಡಿದುಹೋಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮೀನಿರುವ ಜಾಗದ ತಿಳಿವಳಿಕೆಯೇ ಮೀನುಗಾರನ ಆಸ್ತಿ. ಅದು ಸ್ಪರ್ಧಿಗಳ ಕೈಸೇರಿದರೆ, ಅಥವಾ ಡೀಸೆಲ್ ರಿಯಾಯಿತಿಯನ್ನು ಕಡಿತಗೊಳಿಸಲು ಬಳಕೆಯಾದರೆ, ಯಾರೂ ನಿಜವನ್ನು ಬರೆಯುವುದಿಲ್ಲ. ಸುಳ್ಳು ಅಂಕಿಗಳು ಗಣಕಕ್ಕೆ ಬಂದ ಮಾತ್ರಕ್ಕೆ ನಿಜವಾಗುವುದಿಲ್ಲ.

ಈ ಅಳುಕು ಘಟ್ಟದವರಿಗೆ ಹೊಸದಲ್ಲ. ೨೦೦೦ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಿಂದ ಪಹಣಿ ಗಣಕಕ್ಕೆ ಬಂದಾಗ ಪ್ರತಿ ಪಡೆಯುವುದು ಸುಲಭವಾಯಿತು. ಆದರೆ ಒಮ್ಮೆ ತಪ್ಪು ನಮೂದಾದರೆ ತಿದ್ದಿಸಲು ಅಲೆದಾಟವೂ ಬಂದಿತು. ೨೦೧೩ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರಗಳ ಆಧಾರದಲ್ಲಿ ಸೂಕ್ಷ್ಮ ಪ್ರದೇಶದ ಗಡಿಯನ್ನು ಗುರುತಿಸಿದಾಗ, ಅಡಿಕೆ, ರಬ್ಬರ್ ತೋಟಗಳೂ ಕಾಡಾಗಿ ಕಂಡಿವೆಯೆಂದು ಹಳ್ಳಿಗಳಿಂದ ಆಕ್ಷೇಪ ಎದ್ದಿತು. ಪಶ್ಚಿಮಘಟ್ಟ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೆಲದಲ್ಲಿ ಬದುಕುವವರು ಪರಿಶೀಲಿಸಲಾಗದ ಲೆಕ್ಕ, ಅದು ಎಷ್ಟೇ ಸದುದ್ದೇಶದ್ದಾಗಿರಲಿ, ವಿಶ್ವಾಸವನ್ನು ಗಳಿಸಲಾರದು. ಕಡಲಿನ ವಿಚಾರದಲ್ಲೂ ಇದೇ ಮಾತು.

ಆದುದರಿಂದ ವಿದ್ಯುನ್ಮಾನ ವರದಿಯನ್ನು ಸಾರಾಸಗಟಾಗಿ ಒಪ್ಪುವುದಾಗಲಿ, ತಳ್ಳಿಹಾಕುವುದಾಗಲಿ ವಿವೇಕವಲ್ಲ, ಷರತ್ತುಗಳನ್ನು ಕೇಳಬೇಕು. ಮೊದಲು ದೊಡ್ಡ ಟ್ರಾಲ್ ಮತ್ತು ಪರ್ಸೀನ್ ದೋಣಿಗಳಿಗೆ, ಆ ಬಳಿಕವೇ ಉಳಿದವರಿಗೆ. ಮೀನಿನ ಹೆಸರುಗಳು ತುಳು, ಕನ್ನಡಗಳಲ್ಲಿ ಚಿತ್ರಸಹಿತ ಇರಬೇಕು. ಸಂಪರ್ಕವಿಲ್ಲದಾಗ ದಾಖಲಿಸಿ, ದಕ್ಕೆಗೆ ಬಂದ ಮೇಲೆ ಕಳುಹಿಸುವ ಅವಕಾಶವಿರಬೇಕು. ಯಂತ್ರದ ವೆಚ್ಚವನ್ನು ಸರ್ಕಾರ ಭರಿಸಬೇಕು. ಪ್ರತ್ಯೇಕ ದೋಣಿಯ ಜಾಗ ಗೋಪ್ಯವಾಗಿರಬೇಕು, ಒಟ್ಟು ಅಂಕಿಗಳು ಬಹಿರಂಗವಾಗಿ ಮೀನುಗಾರ ಸಂಘಗಳಿಗೆ ಮರಳಬೇಕು. ದಕ್ಕೆಯ ಮಾದರಿ ಎಣಿಕೆಯನ್ನು ನಿಲ್ಲಿಸಕೂಡದು. ವರದಿಯ ಸತ್ಯವನ್ನು ತಾಳೆ ನೋಡಲು ಅದೇ ಸಾಧನ.

ವಿದ್ಯಾರ್ಥಿಗಳಿಗೆ ಇಲ್ಲಿಯೇ ಒಂದು ಕೆಲಸವಿದೆ. ಕಡಲ ಮೀನನ್ನು ಎಣಿಸುವವರಾದರೂ ಇದ್ದಾರೆ. ನೇತ್ರಾವತಿ, ಫಲ್ಗುಣಿಗಳ ಗುಂಡಿಗಳಲ್ಲಿರುವ ಹೊಳೆಮೀನನ್ನು ವರ್ಷವರ್ಷವೂ ಬರೆದಿಡುವವರು ವಿರಳ. ೨೦೦೨ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಆ ಪುಸ್ತಕವನ್ನು ಕೇಳಿ ಪಡೆದು, ಊರಿನ ಹಿರಿಯರನ್ನು ವಿಚಾರಿಸಿ, ಯಾವ ಮೀನು ಯಾವ ಗುಂಡಿಯಲ್ಲಿ ಯಾವಾಗ ಕಂಡಿತೆಂಬುದನ್ನು ಈ ಮಳೆಗಾಲದಿಂದಲೇ ಬರೆಯತೊಡಗಬಹುದು. ಅದಕ್ಕೆ ಒಂದು ನೋಟುಪುಸ್ತಕ, ಒಂದು ಪೆನ್ನು ಸಾಕು.