ಕೈ ಕೂಲಿಗೆ ಸಿಗುತ್ತದೆ, ತಿಳಿವಳಿಕೆ ಸಿಗುವುದೇ?

(ಪೆನುಕೊಂಡದಲ್ಲಿ ಸೇರಿದ ದುಡಿಯುವ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಪೆನುಕೊಂಡ ಮಳೆ ಕಡಿಮೆಯಾದ, ಕಡಲೆಕಾಯಿ ಬೆಳೆಯುವ ಸೀಮೆ. ಇಲ್ಲಿಗೆ ಹತ್ತಿರದ ಎರ್ರಮಂಚಿಯಲ್ಲಿ ಕಿಯಾ ಕಾರು ಕಾರ್ಖಾನೆ ಕಟ್ಟಲು 2017ರಲ್ಲಿ ಒಪ್ಪಂದವಾಯಿತು. 2019ರಲ್ಲಿ ಕಾರುಗಳು ಹೊರಬಂದವು. ವರ್ಷಕ್ಕೆ 3 ಲಕ್ಷ ಕಾರು ಮಾಡಬಲ್ಲ ಕಾರ್ಖಾನೆಯಾಗಿ ಅದನ್ನು ಕಟ್ಟಿದರು. ಇಂಥ ಕಡೆ ಬೆಸುಗೆ ಹಾಕುವುದು ರೋಬೋಟ್. ಮನುಷ್ಯನು ಯಂತ್ರವನ್ನು ಗಮನಿಸಬೇಕು, ತಪ್ಪು ಎಲ್ಲಿದೆಯೆಂದು ಕಂಡುಹಿಡಿಯಬೇಕು. ತೋಟದ ಲೈನು ಮನೆಗಳಲ್ಲಿ ಹುಟ್ಟಿದ ನಮ್ಮ ಮಕ್ಕಳೂ ಐಟಿಐ, ಡಿಪ್ಲೊಮಾ ಓದಿ ಇಂಥ ಕಾರ್ಖಾನೆಗಳಿಗೆ, ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಿಗೆ ಹೋಗುತ್ತಿದ್ದಾರೆ. ಹೀಗೆ ತಿಳಿವಳಿಕೆಯಿಂದ ದುಡಿಯುವವರನ್ನು ಪೀಟರ್ ಡ್ರಕರ್ ಎಂಬ ವಿದ್ವಾಂಸರು 1959ರಲ್ಲಿ 'ಜ್ಞಾನ ಕಾರ್ಮಿಕರು' ಎಂದು ಕರೆದರು. ಇವರಿಂದ ಕೆಲಸ ತೆಗೆಯುವುದು ಹೇಗೆ? ಇವರಿಗೆ ಹುರುಪು ಹುಟ್ಟುವುದು ಯಾವುದರಿಂದ? ಇದೇ ನಮ್ಮ ಇಂದಿನ ಮಾತು.

ಓದಿದವರ ವಿಷಯ ನಮಗೇಕೆ ಎನ್ನಬೇಡಿರಿ. ಅರೇಬಿಕಾ ತೋಟದ ಕಾಂಡಕೊರಕವನ್ನು ನೆನಪಿಗೆ ತಂದುಕೊಳ್ಳಿರಿ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಹುಳು ಒಳಗೇ ಕೊರೆಯುತ್ತದೆ. ಎಲೆ ಹಳದಿಯಾಗಿದೆಯೇ, ಕಾಂಡದ ಮೇಲೆ ಏಣು ಎದ್ದಿದೆಯೇ ಎಂದು ಗಿಡಗಿಡವನ್ನೂ ನೋಡಿ, ಹುಳು ಹಿಡಿದದ್ದನ್ನು ದುಂಬಿ ಹಾರುವ ಮೊದಲೇ ಕಿತ್ತು ಸುಡಬೇಕು. ಇದಕ್ಕೆ ಬೇಕಾದದ್ದು ಕಣ್ಣು, ಅನುಭವ. ಇದು ಜ್ಞಾನದ ಕೆಲಸವಲ್ಲವೇ?

ನಮ್ಮಲ್ಲಿ ಕೆಲವರು ದುಡಿದ ಒಂದು ತೋಟದಲ್ಲಿ ಒಬ್ಬ ಅಕ್ಕ ಈ ಕೆಲಸದಲ್ಲಿ ಗಟ್ಟಿಗರಾಗಿದ್ದರು. ಗಿಡದ ಮುಂದೆ ನಿಂತು, ಕಾಂಡ ಸವರಿ ನೋಡುವರು. ಒಂದು ದಿನ ರೈಟರು, "ಏನಮ್ಮ, ಗಿಡ ನೋಡ್ತಿದ್ದೀಯೋ, ಹೊತ್ತು ಕಳೀತಿದ್ದೀಯೋ?" ಎಂದು ಎಲ್ಲರೆದುರಿಗೆ ಗದರಿದರು. ದಿನಕ್ಕೆ ಇಷ್ಟು ಗಿಡ ಎಂದು ಲೆಕ್ಕವನ್ನೂ ಕಟ್ಟಿದರು. ಮರುದಿನದಿಂದ ಅಕ್ಕ ಲೆಕ್ಕ ತುಂಬಿಸಿದರು, ಹುಳುವಿನ ಮಾತೆತ್ತಲಿಲ್ಲ. ಕೀಳಬೇಕಾದ ಗಿಡಗಳು ನಿಂತವು, ದುಂಬಿ ಹಾರಿತು. ಮುಂದಿನ ವರ್ಷ ಆ ಸಾಲುಗಳು ಒಣಗಿದವು. ಸಾಹುಕಾರರಿಗೆ ಬೆಳೆ ಹೋಯಿತು, ನಮಗೆ ಕೆಲಸ ಕಡಿಮೆಯಾಯಿತು.

ಆ ಅಕ್ಕ ಕಳ್ಳಗೆಲಸ ಮಾಡಿದರೇ? ಇಲ್ಲ, ಹೇಳಿದಷ್ಟನ್ನೇ ಮಾಡಿದರು. ಕೈಯನ್ನು ಕೂಲಿಗೆ ಕೊಳ್ಳಬಹುದು. ತಲೆಯಲ್ಲಿರುವುದನ್ನು ದುಡಿಯುವವನು ತಾನಾಗಿ ಕೊಟ್ಟರೆ ಮಾತ್ರ ಸಿಗುವುದು.

ಆದುದರಿಂದ ಮೇಲಿರುವವರು ಮೊದಲು ಕೇಳಬೇಕು. ಜ್ಞಾನ ಕಾರ್ಮಿಕನ ಕೆಲಸವೇನು, ಅದಕ್ಕೆ ಅಡ್ಡಿಯೇನು ಎಂಬುದನ್ನು ಅವನನ್ನೇ ಕೇಳಿರಿ ಎಂದು ಡ್ರಕರ್ 1999ರಲ್ಲಿ ಬರೆದರು. ಯಾಕಂದರೆ ಅವನ ಕೆಲಸ ಅವನಿಗೆ ಗೊತ್ತಿರುವಷ್ಟು ಮೇಲಿನವನಿಗೆ ಗೊತ್ತಿರುವುದಿಲ್ಲ.

ಎರಡನೆಯದಾಗಿ, ತಪ್ಪು ಕಂಡವನಿಗೆ ಹೇಳುವ ಧೈರ್ಯ ಕೊಡಬೇಕು. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆಯುವ ಏರ್ಪಾಡು ಹೆಸರುವಾಸಿ. ಎಳೆದರೆ ಮುಂದಾಳು ಬರುತ್ತಾನೆ. ದೋಷ ಸರಿಯಾಗದಿದ್ದರೆ ಕೆಲಸದ ಸಾಲೇ ನಿಲ್ಲುತ್ತದೆ. ಅಕ್ಕನ ಕೈಯಲ್ಲಿ ಅಂಥ ಒಂದು ಹಗ್ಗವಿದ್ದಿದ್ದರೆ!

ಮೂರನೆಯದಾಗಿ, ಕಲಿಸುತ್ತಾ ಇರಬೇಕು. ಒಳ್ಳೆಯ ಯೋಚನೆ ಕೊಟ್ಟವನ ಹೆಸರನ್ನು ಎಲ್ಲರೆದುರಿಗೆ ಹೇಳಬೇಕು.

ಹಾಗಾದರೆ ಹೊಗಳಿಕೆ ಸಾಕು, ಕೂಲಿ ಬೇಡವೇ? ಹಾಗಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಬಿಡಿಸಿ ಹೇಳಿದ್ದಾರೆ. ಸಂಬಳ, ಕೆಲಸದ ಜಾಗ ಕೆಟ್ಟದಾಗಿದ್ದರೆ ಅಸಮಾಧಾನ ಹುಟ್ಟುತ್ತದೆ. ಅವು ಸರಿಯಾದ ಮಾತ್ರಕ್ಕೆ ಹುರುಪು ಬರುವುದಿಲ್ಲ. ಹುರುಪು ಬರುವುದು ಕೆಲಸದಿಂದ, ಜವಾಬ್ದಾರಿಯಿಂದ, ಗುರುತಿಸುವಿಕೆಯಿಂದ. ಅಂದರೆ ನ್ಯಾಯವಾದ ಸಂಬಳ ತಳಪಾಯ, ಗೌರವ ಅದರ ಮೇಲಿನ ಮನೆ. ತಳಪಾಯವಿಲ್ಲದೆ ಮನೆ ನಿಲ್ಲದು.

ಇನ್ನೊಂದು ಎಚ್ಚರಿಕೆ. "ನಾವೆಲ್ಲ ಒಂದೇ ಕುಟುಂಬ" ಎಂದು ಸಿಹಿಯಾಗಿ ಹೇಳಿ ರಾತ್ರಿಯವರೆಗೆ ದುಡಿಸುವವರೂ ಇದ್ದಾರೆ. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಕೇಳಿಬಂದಾಗ ಅವರ ಸಂಘ ಬಲವಾಗಿ ವಿರೋಧಿಸಿತು. ದಣಿದ ಕಣ್ಣಿಗೆ ಕಾಂಡದ ಏಣು ಕಾಣುವುದಿಲ್ಲ. ದಣಿದ ತಲೆಗೆ ಯಂತ್ರದ ತಪ್ಪೂ ಹೊಳೆಯುವುದಿಲ್ಲ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಮಗನೂ ಕಾರ್ಮಿಕನೇ. ಸಂಘದ ಬೆಲೆ ಅವನಿಗೂ ತಿಳಿದಿರಲಿ.

ಕೊನೆಗೆ ತಾಯಿತಂದೆಗಳಿಗೆ ಒಂದು ಮಾತು. ನಿಮ್ಮ ಮಗನೋ ಮಗಳೋ ನಾಳೆ ನಾಲ್ಕು ಜನರ ಮೇಲೆ ಸೂಪರ್‌ವೈಸರ್ ಆಗಬಹುದು. ಮೊದಲ ಸಂಬಳದ ಸಂತೋಷದಲ್ಲಿ ಅವರು ಮನೆಗೆ ಬಂದಾಗ ಆ ಅಕ್ಕನ ಕಥೆ ಹೇಳಿರಿ. "ಗದರುವ ಮೊದಲು ಕೇಳು" ಎಂದು ಹೇಳಿ ಕಳುಹಿಸಿರಿ.