ನೋಡದ್ದನ್ನು ‘ನಾರ್ಮಲ್’ ಎಂದು ಬರೆಯದಿರಲಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಿಂದಲೂ ಗಡಿಯಾಚೆಯ ನಿಪ್ಪಾಣಿ, ಸಂಕೇಶ್ವರಗಳಿಂದಲೂ ಮುರಗೂಡಕ್ಕೆ ಬಂದಿರುವ ವೈದ್ಯಮಿತ್ರರೆ, ಆಶಾ ಮತ್ತು ಅಂಗನವಾಡಿ ಅಕ್ಕಂದಿರೆ,

ವೈದ್ಯರು ಮತ್ತು ತಾಯಿ ಆಡುವ ಮಾತನ್ನು ಕೇಳಿಸಿಕೊಂಡು ಕೇಸ್‌ಪೇಪರನ್ನು ತಾನೇ ಬರೆಯುವ ತಂತ್ರಾಂಶ ಈಗ ನಮ್ಮ ದವಾಖಾನೆಗಳ ಬಾಗಿಲಿಗೂ ಬಂದಿದೆ. ಮಕ್ಕಳ ಮುಂಜಾಗ್ರತಾ ತಪಾಸಣೆಗೆ ಅದನ್ನು ಬಳಸಬಹುದೆ ಎಂಬುದು ಇವತ್ತಿನ ಚರ್ಚೆ. ಬಳಸಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಒಂದು ಷರತ್ತಿದೆ, ನನ್ನ ಮಾತೆಲ್ಲ ಅದರ ಬಗ್ಗೆಯೇ.

ಬರೆಯುವ ಹೊರೆ ಎಷ್ಟೆಂದು ಇಲ್ಲಿ ಕೂತವರಿಗೆ ಹೇಳಬೇಕಿಲ್ಲ. 2013ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದದ್ದು ನಮ್ಮ ಮಹಾರಾಷ್ಟ್ರದ ಪಾಲಘರದಲ್ಲಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆಗಳನ್ನು ಹುಡುಕುವ ಕೆಲಸ ಅದು. ಇಬ್ಬರು ಆಯುಷ್ ವೈದ್ಯರು, ಒಬ್ಬ ಫಾರ್ಮಾಸಿಸ್ಟ್, ಒಬ್ಬ ನರ್ಸ್ ಸೇರಿದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಹೋಗಬೇಕು. ಮಗುವಿನ ಮುಖ ನೋಡುವುದಕ್ಕಿಂತ ರಜಿಸ್ಟರ್ ನೋಡುವುದೇ ಹೆಚ್ಚಾಗುತ್ತದೆ. ಆ ಹೊರೆ ಇಳಿಸುವುದಾಗಿ ಯಾರಾದರೂ ಹೇಳಿದರೆ ಬೇಡ ಎನ್ನಲು ಮನಸ್ಸು ಬರುವುದಿಲ್ಲ.

ಕಾಯಿಲೆಯ ಕೂಸಿನ ವಿಷಯದಲ್ಲಿ ಈ ಯಂತ್ರ ಚೆನ್ನಾಗಿಯೇ ಕೆಲಸ ಮಾಡೀತು. “ಮೂರ್ ದಿನಾ ಆತ್ರೀ, ಜುಲಾಬ್ ಹತ್ಯಾವ, ಮೈ ಸುಡಾಕತ್ತೈತಿ” ಎಂದು ತಾಯಿಯೇ ಎಲ್ಲ ಹೇಳುತ್ತಾಳೆ, ಬರೆದುಕೊಳ್ಳಲು ಮಾತಿದೆ. ಆರೋಗ್ಯವಾಗಿರುವ ಕೂಸಿನ ತಪಾಸಣೆಯಲ್ಲಿ ಅವಳು ಹೇಳುವುದು ಎರಡೇ ಪದ: “ಆರಾಮ ಐತ್ರೀ.” ಉಳಿದದ್ದೆಲ್ಲ ನಮ್ಮ ಕಣ್ಣು, ಕೈ, ಟೇಪಿನ ಕೆಲಸ. ಕತ್ತು ನಿಂತಿದೆಯೆ, ಸದ್ದಿಗೆ ತಿರುಗುತ್ತದೆಯೆ, ಸೊಂಟದ ಕೀಲು ಎರಡೂ ಕಡೆ ಸಮನಾಗಿ ಅಗಲುತ್ತದೆಯೆ, ಗಂಡುಕೂಸಾದರೆ ವೃಷಣಗಳು ಕೆಳಗಿಳಿದಿವೆಯೆ? ಇವನ್ನು ನಾವು ಬಾಯಿಬಿಡದೆ ನೋಡುತ್ತೇವೆ, ಕೆಲವೊಮ್ಮೆ ಅವಸರದಲ್ಲಿ ಬಿಡುತ್ತೇವೆ. ಕೇಳಿಸದೆ ಇದ್ದದ್ದನ್ನು ತಂತ್ರಾಂಶ ಏನೆಂದು ಬರೆಯಬೇಕು? ತುಂಬಲೇಬೇಕಾದ ಚೌಕಗಳನ್ನು ಅದರ ಮುಂದಿಟ್ಟರೆ ‘ಆರಾಮ ಐತಿ’ ಎಂಬುದರಿಂದಲೇ ಕಿವಿ ನಾರ್ಮಲ್, ಸೊಂಟ ನಾರ್ಮಲ್, ಎದೆ ನಾರ್ಮಲ್ ಎಂದು ಅಚ್ಚುಕಟ್ಟಾದ ಪುಟ ಹೊರಬರಬಹುದು. ಖಾಲಿ ಚೌಕ ಕಂಡಿದ್ದರೆ ಮುಂದಿನ ವೈದ್ಯರು ಆ ಕೂಸನ್ನು ಮತ್ತೆ ಮಲಗಿಸಿ ನೋಡುತ್ತಿದ್ದರು. ‘ನಾರ್ಮಲ್’ ಎಂದಿದ್ದರೆ ಯಾರೂ ನೋಡುವುದಿಲ್ಲ. ಕಿವುಡುತನ ಆರು ತಿಂಗಳೊಳಗೆ ಗೊತ್ತಾಗುವುದಕ್ಕೂ ಮೂರು ವರ್ಷಕ್ಕೆ ಗೊತ್ತಾಗುವುದಕ್ಕೂ ಇರುವ ಅಂತರ ಆ ಮಗುವಿನ ಮಾತಿನ ಅಂತರ.

ಆಡದ ಮಾತನ್ನು ಯಂತ್ರ ಬರೆದೀತು ಎಂಬುದು ಬರೀ ಊಹೆಯಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಅಲಿಸನ್ ಕೋನೆಕೆ ಮತ್ತು ಸಂಗಡಿಗರು 2024ರಲ್ಲಿ, ಮಾತನ್ನು ಬರಹಕ್ಕಿಳಿಸುವ ‘ವಿಸ್ಪರ್’ ಎಂಬ ತಂತ್ರಾಂಶದ ಮೇಲಿನ ಅಧ್ಯಯನ ಪ್ರಕಟಿಸಿದರು. ನೂರಕ್ಕೆ ಸುಮಾರು ಒಂದು ತುಣುಕಿನಲ್ಲಿ, ಯಾರೂ ಆಡದ ಮಾತುಗಳು ಬರಹದಲ್ಲಿದ್ದವು. ಮಾತಿನ ನಡುವೆ ಮೌನ ಹೆಚ್ಚಿದ್ದವರ ಧ್ವನಿಯಲ್ಲಿ ಇದು ಇನ್ನೂ ಹೆಚ್ಚು. ತೂಕದ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವ ನಮ್ಮ ಮೌನವನ್ನೂ, ಅದರ ನಡುವಿನ ಕೂಸಿನ ಅಳುವನ್ನೂ ನೆನೆಸಿಕೊಳ್ಳಿ.

ಅಂಕಿಗಳ ಮಾತೂ ಅಷ್ಟೆ. ಈ ಸೀಮೆಯಲ್ಲಿ ನರ್ಸು “ಪಾವಣೆ ಒಂಬತ್ತು” ಎಂದು ಕೂಗುತ್ತಾಳೆ, ಅಂದರೆ ಎಂಟೂ ಮುಕ್ಕಾಲು. ಯಂತ್ರ ‘ಒಂಬತ್ತು’ ಎಂದಷ್ಟೇ ಹಿಡಿದರೆ ಕೂಸಿಗೆ ಕಾಲು ಕಿಲೊ ಪುಕ್ಕಟೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯುತ್ತೇವೆ, ಮೇಲಿನವರನ್ನು ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಇವೆರಡರ ನಡುವೆ 0.7 ಸೆಂಟಿಮೀಟರ್ ವ್ಯತ್ಯಾಸ ಹಿಡಿದಿದ್ದಾರೆ. ಹೇಗೆ ಅಳೆದೆವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಅದು ತೀವ್ರ ಅಪೌಷ್ಟಿಕತೆ. ಅಲ್ಲಿ ಒಂದು ದಶಮಾಂಶ ಆಚೀಚೆಯಾದರೂ ಮಗು ಪಟ್ಟಿಯಿಂದ ಹೊರಗುಳಿಯುತ್ತದೆ. ಅದಕ್ಕೇ ಅಂಕಿಗಳನ್ನು ಕೈಯಿಂದಲೇ ಬರೆಯಿರಿ ಎನ್ನುತ್ತೇನೆ. ಕತೆಯನ್ನು ಬೇಕಾದರೆ ಯಂತ್ರ ಬರೆಯಲಿ.

ಇನ್ನು ನಮ್ಮ ಗಡಿಯ ಪಾಡು. ಹುಕ್ಕೇರಿಯ ತವರಿನಲ್ಲಿ ಹೆರಿಗೆಯಾದವಳ ಕೈಯಲ್ಲಿ ಕರ್ನಾಟಕದ ತಾಯಿ ಕಾರ್ಡ್. ಗಂಡನ ಮನೆಗೆ, ಕಾಗಲ ತಾಲೂಕಿಗೆ ಬಂದರೆ ಮರಾಠಿ ಕಾರ್ಡ್. ಕಬ್ಬು ಕಡಿಯಲು ಬೀಡ ಜಿಲ್ಲೆಯಿಂದ ಬರುವ ಗ್ಯಾಂಗುಗಳ ಮಕ್ಕಳಿಗೆ ಹಂಗಾಮು ಮುಗಿಯುವವರೆಗೆ ಕಾರ್ಖಾನೆಯ ಪಕ್ಕದ ಕೊಪ್ಪಿ, ಅಂದರೆ ಗುಡಿಸಲೇ ಮನೆ. ಒಂದು ದವಾಖಾನೆಯ ಕಂಪ್ಯೂಟರಿನಲ್ಲಿ ಎಷ್ಟು ಸೊಗಸಾದ ದಾಖಲೆ ಕುಳಿತರೂ ಅದು ಮಗುವಿನ ಜೊತೆ ನಡೆಯುವುದಿಲ್ಲ. ನೈಜೀರಿಯಾದಲ್ಲಿ ಕೆಲಸ ಮಾಡಿದ ಡೇವಿಡ್ ಮೋರ್ಲಿ ಬೆಳವಣಿಗೆಯ ನಕ್ಷೆಯನ್ನು ದವಾಖಾನೆಯಲ್ಲಿಡದೆ ತಾಯಿಯ ಕೈಗೇ ಕೊಟ್ಟರು. ಯಂತ್ರ ಬರೆದದ್ದೂ ಅವಳ ಕೈಗೆ ಬರಬೇಕು, ಅವಳು ಓದುವ ಭಾಷೆಯಲ್ಲಿ. ಗಡಹಿಂಗ್ಲಜ ತಾಲೂಕಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಕಲಿತದ್ದು ಮರಾಠಿ. ಯಾವುದು ಬೇಕೆಂದು ಕೇಳುವುದಕ್ಕೆ ಖರ್ಚಿಲ್ಲ.

ಧ್ವನಿಮುದ್ರಣಕ್ಕೆ ಒಪ್ಪಿಗೆ ಪಡೆಯುವ ವಿಷಯ ಮಧ್ಯಾಹ್ನದ ಗೋಷ್ಠಿಗೆ ಬಿಡುತ್ತೇನೆ. ಇಷ್ಟು ಮಾತ್ರ: 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಹದಿನಾಲ್ಕರ ಹುಡುಗಿ ಮುಟ್ಟಿನ ತೊಂದರೆ ಹೇಳುವಾಗ ಧ್ವನಿಮುದ್ರಣ ನಿಂತಿರಬೇಕು. ಇದಕ್ಕೆ ಕಾಯ್ದೆ ಬೇಕಿಲ್ಲ, ಮರ್ಯಾದೆ ಸಾಕು.

ಸಂಜೆಯೊಳಗೆ ಒಂದು ಕೆಲಸ ಮಾಡಿಕೊಡಿ. ತಪಾಸಣೆಯ ಪ್ರತಿ ಚೌಕಕ್ಕೂ ‘ನೋಡಿದೆ’, ‘ನೋಡಿಲ್ಲ’ ಎಂಬ ಎರಡು ಆಯ್ಕೆ ಇರುವ, ವೈದ್ಯರು ಬೆರಳಿಡದ ಹೊರತು ‘ನೋಡಿಲ್ಲ’ ಎಂದೇ ಉಳಿಯುವ ಒಂದು ಪುಟದ ನಮೂನೆ ತಯಾರಿಸಿ. ಅದನ್ನು ಕೊಲ್ಹಾಪುರ ಜಿಲ್ಲಾ ಪರಿಷತ್ತಿನ ಆರೋಗ್ಯ ವಿಭಾಗಕ್ಕೂ ಬೆಳಗಾವಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಕಳಿಸೋಣ. ತಂತ್ರಾಂಶ ಮಾರಲು ಬರುವವರ ಮುಂದೆ ಮೊದಲು ಆ ಪುಟವನ್ನೇ ಇಡಿ. ಒಪ್ಪದವರನ್ನು ಚಹಾ ಕುಡಿಸಿ ಕಳಿಸಿ.