ಡಬ್ಬಿಯೊಳಗೇ ಒಣಗಿದ ಬಣ್ಣ

ಹಬ್ಬ ಹತ್ತಿರ ಬಂತು, ಗೇಟಿಗೆ ಬಣ್ಣ ಹೊಡೆಯಬೇಕು. ಅಟ್ಟದ ಮೇಲಿದ್ದ ಹೋದ ವರ್ಷದ ಎನಾಮೆಲ್ ಡಬ್ಬಿಯನ್ನು ಅಪ್ಪ ಕೆಳಗಿಳಿಸಿ ಮುಚ್ಚಳ ಮೀಟುತ್ತಾರೆ. ನೋಡಿದರೆ, ಬಣ್ಣದ ಮೇಲೆ ಹಾಲಿನ ಕೆನೆಯಂಥ ಪದರ! ಕಡ್ಡಿಯಿಂದ ಒತ್ತಿದರೆ ರಬ್ಬರಿನಂತೆ ತಗ್ಗುತ್ತದೆ. ಅದರ ಕೆಳಗೆ ಬಣ್ಣ ಇನ್ನೂ ಹಸಿಯಾಗಿಯೇ ಇದೆ. ಮುಚ್ಚಿಟ್ಟ ಡಬ್ಬಿಯಲ್ಲಿ ಈ ಕೆನೆ ಕಟ್ಟಿದ್ದು ಹೇಗೆ ಮಕ್ಕಳೇ?

ಎನಾಮೆಲ್ ಬಣ್ಣದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿರುತ್ತವೆ: ಬಣ್ಣದ ಪುಡಿ, ಪುಡಿಯನ್ನು ಹಿಡಿದಿಡುವ ಅಂಟು, ಅಂಟನ್ನು ತೆಳುವಾಗಿಸುವ ದ್ರವ. ಬಳಿದ ಮೇಲೆ ದ್ರವ ಆವಿಯಾಗುತ್ತದೆ. ಆದರೆ ಅಷ್ಟಕ್ಕೇ ಬಣ್ಣ ಗಟ್ಟಿಯಾಗದು. ಈ ಅಂಟನ್ನು ಎಣ್ಣೆಯಿಂದ ತಯಾರಿಸಿರುತ್ತಾರೆ. ಅದರ ಅಣುಗಳು ಗಾಳಿಯಲ್ಲಿರುವ ಆಮ್ಲಜನಕದ ನೆರವಿನಿಂದ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆ ಹೆಣೆಯುತ್ತವೆ. ನೀರು, ಗಾಳಿ ಕಬ್ಬಿಣಕ್ಕೆ ಸುಲಭವಾಗಿ ತಾಗದಂತೆ, ತುಕ್ಕು ಹಿಡಿಯದಂತೆ ಕಾಯುವುದು ಈ ಬಲೆಯೇ.

ಅರ್ಧ ಖಾಲಿಯಾದ ಡಬ್ಬಿಯಲ್ಲಿ ಉಳಿದರ್ಧ ಗಾಳಿ ತಾನೇ? ಗೇಟಿನ ಮೇಲೆ ಆಗಬೇಕಾದ ಕೆಲಸ ಡಬ್ಬಿಯೊಳಗೇ ಶುರುವಾಗಿಬಿಡುತ್ತದೆ. ನೀವು ಕಂಡ ಕೆನೆ ಕೊಳೆಯಲ್ಲ, ಕಸವಲ್ಲ. ಗೇಟನ್ನು ಕಾಯಬೇಕಿದ್ದ ಪದರವೇ ಜಾಗ ತಪ್ಪಿ ಹುಟ್ಟಿದೆ.

ಇದನ್ನು ನೀವೇ ಪರೀಕ್ಷಿಸಬಹುದು. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅಗಸೆ ಗೊತ್ತಲ್ಲ? ನೂರಾರು ವರ್ಷಗಳಿಂದ ಬಣ್ಣಕ್ಕೆ ಬಳಸುತ್ತಿರುವುದು ಅದೇ ಅಗಸೆಯ ಎಣ್ಣೆ. ಒಂದು ಹಳೆಯ ತಟ್ಟೆಗೆ ಒಂದು ತೊಟ್ಟು ಅಗಸೆ ಎಣ್ಣೆ, ಇನ್ನೊಂದಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ತೆಳ್ಳಗೆ ಸವರಿ ಕಿಟಕಿಯ ಬಳಿ ಇಡಿ. ಒಂದೆರಡು ವಾರದಲ್ಲಿ ಅಗಸೆ ಎಣ್ಣೆ ಮೊದಲು ಅಂಟಂಟಾಗಿ, ಬಳಿಕ ಪದರ ಕಟ್ಟುತ್ತದೆ. ಕೊಬ್ಬರಿ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಕೊಂಡಿ ಹಾಕಿಕೊಳ್ಳಲು ಬೇಕಾದ ಜಾಗಗಳು ಅದರ ಅಣುಗಳಲ್ಲಿ ತೀರ ಕಡಿಮೆ.

ಈಗ ಡಬ್ಬಿಯ ತಳ ನೋಡೋಣ. ರೆಡ್ ಆಕ್ಸೈಡ್ ಬಣ್ಣದಲ್ಲಿರುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್. ನೀರಿಗಿಂತ ಸುಮಾರು 5 ಪಟ್ಟು ಸಾಂದ್ರ. ತಿಂಗಳುಗಟ್ಟಲೆ ಅಲುಗಾಡದೆ ಇದ್ದರೆ ಅದು ನಿಧಾನವಾಗಿ ಕೆಳಗಿಳಿದು ಚರಟದಂತೆ ಕೂರುತ್ತದೆ. ಕಲಕದೆ ಬಳಿದರೆ ಬ್ರಷ್ಷಿಗೆ ಬರುವುದು ಬರೀ ಮೇಲಿನ ತಿಳಿ. ಗೇಟಿನ ಒಂದು ಕಡೆ ಪದರ ತೆಳ್ಳಗಾಗುತ್ತದೆ, ಮುಂದಿನ ಮಳೆಗಾಲದಲ್ಲಿ ತುಕ್ಕು ಮೊದಲು ಇಣುಕುವುದು ಅಲ್ಲೇ. ಆದ್ದರಿಂದಲೇ ಅನುಭವಿ ಪೇಂಟರುಗಳು ಕೆನೆಯನ್ನು ಮೊದಲು ಇಡಿಯಾಗಿ ಎತ್ತಿ ತೆಗೆಯುತ್ತಾರೆ; ಚೂರಾಗಿ ಬೆರೆತರೆ ಗಂಟುಗಂಟಾಗುತ್ತದೆ. ಆಮೇಲೆ ತಳ ಕೆದಕಿ ಚೆನ್ನಾಗಿ ಕಲಕಿ, ಬಟ್ಟೆಯಲ್ಲಿ ಸೋಸುತ್ತಾರೆ.

ಕಣ್ಣಿಗೆ ಕಾಣದ ಮುಪ್ಪೂ ಇದೆ. ಬಣ್ಣ ಬೇಗ ಒಣಗಲೆಂದು ಕೋಬಾಲ್ಟಿನಂಥ ಲೋಹದ ಲವಣಗಳನ್ನು ತುಸು ಬೆರೆಸಿರುತ್ತಾರೆ. ಕಾಲ ಕಳೆದಂತೆ ಇವು ಪುಡಿಯ ಕಣಗಳಿಗೆ ಅಂಟಿಕೊಂಡು ಸುಮ್ಮನಾಗಬಹುದು. ಆಗ ಬಣ್ಣ ನೋಡಲು ಚೆನ್ನಾಗಿದ್ದರೂ ಬಳಿದ ಮೇಲೆ ದಿನಗಟ್ಟಲೆ ಅಂಟಂಟು, ಅದರ ಮೇಲೆ ಬೀದಿಯ ದೂಳು. ಹಳೆಯ ಬಣ್ಣವನ್ನು ಮೊದಲು ತಗಡಿನ ಚೂರಿಗೆ ಬಳಿದು, ಮರುದಿನ ಒಣಗಿದೆಯೇ ಎಂದು ನೋಡುವುದು ಜಾಣತನ.

ಇನ್ನು ಉಳಿದ ಬಣ್ಣವನ್ನು ಎತ್ತಿಡುವುದು. ದೊಡ್ಡ ಡಬ್ಬಿಯಲ್ಲಿ ತಳಕ್ಕಿಷ್ಟು ಬಿಡುವ ಬದಲು ಸಣ್ಣ ಡಬ್ಬಿಗೆ ತುಂಬಬೇಕು, ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಮುಚ್ಚಳದ ಅಂಚು ಒರೆಸಿ ಬಿಗಿಯಾಗಿ ಹಾಕಬೇಕು. ಬಿಸಿಯಲ್ಲಿ ಈ ಕ್ರಿಯೆಗಳೆಲ್ಲ ಚುರುಕಾಗುವುದರಿಂದ ಬಿಸಿಲು ಬೀಳದ, ಒಲೆಯಿಂದ ದೂರದ ತಣ್ಣನೆಯ ಜಾಗವೇ ಬೇಕು. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆ ಬರೆಯುವ ಕೆಲಸ ನಿಮ್ಮದಾಗಲಿ. ಮುಚ್ಚಳ ತೆರೆಯುವ ಕೆಲಸ ದೊಡ್ಡವರಿಗಿರಲಿ. ಬಣ್ಣವೂ ಆಮ್ಲಜನಕವೂ ಕೈಕುಲುಕಲೇಬೇಕು. ಅದು ಗೇಟಿನ ಮೇಲಾಗಲಿ, ಡಬ್ಬಿಯೊಳಗೆ ಬೇಡ.